ಚೀಲದಲ್ಲಿ ಎರಡು ತೂಕದ ಕಲ್ಲು



ಸರಕಾರಿ ನೌಕರಿಯಲ್ಲಿರುವವರಿಗೆ ಬೀದರ್ ಜಿಲ್ಲೆಗೆ ವರ್ಗವಾಯಿತೆಂದರೆ ಮನೆಯಲ್ಲಿ ಸೂತಕದ ಕಳೆ ಕವಿಯುತ್ತದೆ. "ಯಾರನ್ನು ಎದುರು ಹಾಕಿಕೊಂಡಿರಿ?" ಎಂದು ನೆಂಟರು ಕೇಳುತ್ತಾರೆ. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು ದೂರ. ಅದರಲ್ಲೂ ಭಾಲ್ಕಿ, ಔರಾದ್ ಎಂದರೆ ಜಿಲ್ಲಾಕೇಂದ್ರವೂ ಅಲ್ಲ. ಆದರೂ ಜನ ಬರುತ್ತಾರೆ. ಬ್ಯಾಂಕಿನವರು, ಶಿಕ್ಷಕರು, ಇಂಜಿನಿಯರುಗಳು, ದಾದಿಯರು, ಧರ್ಮಭಗಿನಿಯರು, ನಮ್ಮಂಥ ಗುರುಗಳು. ಈ ಸಾಲುಗಳನ್ನು ಬರೆಯುತ್ತಿರುವವನ ಹುಟ್ಟೂರೂ ಭಾಲ್ಕಿಯಲ್ಲ. ಆದ್ದರಿಂದ ಇದು ಊರಿನವರ ಮೇಲೆ ಹೊರಗಿನವನು ಹೊರಿಸುವ ದೂರಲ್ಲ. ಹೊರಗಿನಿಂದ ಬಂದು ಇಲ್ಲಿ ಬಾಳುತ್ತಿರುವ ನಾವು ನಾವೇ ಕುಳಿತು ಆಡಿಕೊಳ್ಳಬೇಕಾದ ಮಾತು.

ಭಾನುವಾರ ಬಲಿಪೂಜೆಯಾದ ಮೇಲೆ ಅಂಗಳದಲ್ಲಿ ನಿಂತು ಚಹಾ ಕುಡಿಯುವಾಗ ನಮ್ಮ ಮಾತು ಎತ್ತ ಹರಿಯುತ್ತದೆ, ಸ್ವಲ್ಪ ಕಿವಿಗೊಟ್ಟು ನೋಡಿ. "ನಮ್ಮ ಕಡೆ ಹೀಗಿಲ್ಲ" ಎಂದು ಶುರುವಾಗುತ್ತದೆ. "ಈ ಜನಕ್ಕೆ ಹೊತ್ತುಗೊತ್ತಿಲ್ಲ" ಎನ್ನುವವರು ಶುಕ್ರವಾರ ಮಧ್ಯಾಹ್ನವೇ ಚೀಲ ಕಟ್ಟಿ, ಸೋಮವಾರ ಹನ್ನೊಂದಕ್ಕೆ ಕಚೇರಿ ಸೇರುವವರು. "ಇಲ್ಲಿ ಎಲ್ಲದಕ್ಕೂ ವಶೀಲಿ ಬೇಕು" ಎಂದು ಬೇಸರಪಡುವವರು ತಮ್ಮ ವರ್ಗಾವಣೆಗಾಗಿ ಬೆಂಗಳೂರಿನಲ್ಲಿ ಶಾಸಕರೊಬ್ಬರ ಬಾಗಿಲು ಕಾಯುತ್ತಿರುವವರು. ಆಟೋದವನು ಹೊಸ ಮುಖ ನೋಡಿ ಹತ್ತು ರೂಪಾಯಿ ಹೆಚ್ಚಿಗೆ ಕೇಳಿದರೆ ಅದು ಅನ್ಯಾಯ, ಇಡೀ ತಾಲ್ಲೂಕಿನ ಗುಣಕ್ಕೇ ಸಾಕ್ಷಿ. ನಮ್ಮವರೊಬ್ಬರು ಮನೆ ಬಾಡಿಗೆಗೆ ಸುಳ್ಳು ರಸೀದಿ ಬರೆಸಿಕೊಂಡರೆ ಮಾತ್ರ ಅದು ಜಾಣತನ.

ಭಾಷೆಯ ವಿಷಯದಲ್ಲಿ ಈ ತಕ್ಕಡಿ ಇನ್ನೂ ವಾಲುತ್ತದೆ. ಇಲ್ಲಿಯ ಕನ್ನಡದಲ್ಲಿ ಮರಾಠಿ ಇದೆ, ಉರ್ದು ಇದೆ. "ಇದೂ ಒಂದು ಕನ್ನಡವೇ?" ಎಂದು ನಗುವವರು ತಾವಾಡುವ ಒಂದೊಂದು ವಾಕ್ಯದಲ್ಲೂ ನಾಲ್ಕು ಇಂಗ್ಲಿಷ್ ಪದ ಸೇರಿಸಿರುತ್ತಾರೆ. ಅದು ಬೆರಕೆಯಲ್ಲ, ವಿದ್ಯೆ! ನಿಜಾಮರ ಕಾಲದಲ್ಲಿ ಈ ಸೀಮೆಯ ಶಾಲೆಗಳಲ್ಲಿ ಉರ್ದುವಿನದೇ ಆಳ್ವಿಕೆ. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅವರು 1999ರಲ್ಲಿ ಲಿಂಗೈಕ್ಯರಾದರು. ಊರಿನ ಹಿರಿಯರು ಇಂದಿಗೂ ಅಭಿಮಾನದಿಂದ ಈ ಸಂಗತಿ ಹೇಳುತ್ತಾರೆ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾದ ಕಡೆ ಮರಾಠಿ ಸೀಮೆಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಅಂದಿನ ಮೈಸೂರು ರಾಜ್ಯಕ್ಕೆ. ಅಕ್ಕನ ಮನೆ ಒಂದು ರಾಜ್ಯದಲ್ಲಿ, ತಂಗಿಯ ಮನೆ ಇನ್ನೊಂದರಲ್ಲಿ. ಇಂಥ ಜನರ ಬಾಯಲ್ಲಿ ಮೂರು ಭಾಷೆ ಸೇರಿಕೊಂಡಿದ್ದರೆ ಅಚ್ಚರಿಯೇನು? ನಮ್ಮಂತೆ ಕನ್ನಡ ತಾನಾಗಿ ಬಂದವರಲ್ಲ ಇವರು, ಉಳಿಸಿಕೊಂಡವರು. ಅವರ ಮಾತಿಗೆ ಅಂಕ ಹಾಕುವ ಅಧಿಕಾರ ನಮಗೆ ಯಾರು ಕೊಟ್ಟರು?

ನಗೆಚಾಟಿಕೆಯನ್ನಾದರೂ ಹಗುರಾಗಿ ಬಿಡಬಹುದು. ಕೂಲಿಯ ವಿಷಯ ಹಾಗಲ್ಲ.

ಒಂದು ಕುಟುಂಬ. ಗಂಡ ಹೆಂಡತಿ ಇಬ್ಬರಿಗೂ ಸಂಬಳ. ಬೆಂಗಳೂರಿನಲ್ಲಿದ್ದಾಗ ಮನೆಗೆಲಸದಾಕೆಗೆ ಎಷ್ಟು ಕೊಡುತ್ತಿದ್ದರೋ ಅದರ ಅರ್ಧಕ್ಕಿಂತ ಕಡಿಮೆ ಇಲ್ಲಿ ಕೊಡುತ್ತಾರೆ. ಕೆಲಸ ಮಾತ್ರ ಅಲ್ಲಿಗಿಂತ ಹೆಚ್ಚು. ಭಾಂಡೆ ತಿಕ್ಕಬೇಕು, ಬಟ್ಟೆ ಒಗೆಯಬೇಕು, ನಲ್ಲಿಯಲ್ಲಿ ನೀರು ಬಾರದ ದಿನ ಕೊಡ ಹೊತ್ತು ತರಬೇಕು. ವಾರದ ರಜೆಯೆಂಬುದಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ, "ಇಲ್ಲಿಯ ರೇಟೇ ಇಷ್ಟು ಫಾದರ್, ನಾವು ಹೆಚ್ಚು ಕೊಟ್ಟರೆ ಊರಿನವರು ಬೈಯುತ್ತಾರೆ" ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದೇ ಮನೆಯ ತಮ್ಮ ಕುವೈತಿನಲ್ಲಿದ್ದಾನೆ. ಅವನು ಫೋನು ಮಾಡಿದಾಗ ಮನೆಮಂದಿಯೆಲ್ಲ ಕುದಿಯುತ್ತಾರೆ. ಒಂದೇ ಕಚೇರಿ, ಒಂದೇ ಕೆಲಸ. ಯುರೋಪಿನ ಪಾಸ್‌ಪೋರ್ಟು ಹಿಡಿದವನಿಗೆ ಒಂದು ಸಂಬಳ, ಭಾರತದವನಿಗೆ ಇನ್ನೊಂದು. "ನಿಮ್ಮ ದೇಶದ ರೇಟು ಇಷ್ಟೇ ಅಲ್ಲವೇ?" ಎನ್ನುತ್ತಾನಂತೆ ಅವನ ಯಜಮಾನ. ಗಲ್ಫಿನಲ್ಲಿ ಇದು ಹೊಸ ಸಂಗತಿಯಲ್ಲ. ಅಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಕುವೈತಿನ ಯಜಮಾನನ ಬಾಯಲ್ಲಿ ಬಂದಾಗ ಕಹಿಯಾದ ಆ ಮಾತು ಭಾಲ್ಕಿಯ ನಮ್ಮ ಅಡಿಗೆಮನೆಯಲ್ಲಿ ಹೇಗೆ ಸಿಹಿಯಾಯಿತು?

ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ವ್ಯಾಪಾರಿಗಳಿಗೆ ಒಂದು ಆಜ್ಞೆಯಿದೆ. ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎಂದು ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದು. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು. ಗಮನಿಸಿ, ಎರಡೂ ಕಲ್ಲುಗಳೇ. ಒಂದೊಂದನ್ನೇ ನೋಡಿದರೆ ಯಾವುದೂ ಮೋಸವಲ್ಲ. ಯಾವುದನ್ನು ಯಾವಾಗ ಹೊರತೆಗೆಯುತ್ತೇವೆ ಎಂಬಲ್ಲಿ ಮೋಸವಿದೆ. 'ಸ್ಥಳೀಯ ರೇಟು' ಒಂದು ಕಲ್ಲು, 'ಸಮಾನ ನ್ಯಾಯ' ಇನ್ನೊಂದು. ಕೊಡುವಾಗ ಮೊದಲನೆಯದು ಕೈಗೆ ಬರುತ್ತದೆ, ಪಡೆಯುವಾಗ ಎರಡನೆಯದು.

ಇಲ್ಲಿ ಒಬ್ಬರು ಕೇಳಬಹುದು: ಎಲ್ಲರನ್ನೂ ಒಂದೇ ರೀತಿ ಕಾಣಲೇಬೇಕೆಂದರೆ ಹೇಗೆ? ಅತಿಥಿಗೆ ತುಪ್ಪ ಹೆಚ್ಚು ಬಡಿಸುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದಲ್ಲಿ ಮುಖ ನೋಡಿ ಮಣೆ ಹಾಕುವ ಪಾಪವನ್ನು ಚರ್ಚಿಸುತ್ತ ಇದನ್ನು ಬಿಡಿಸಿದ್ದಾರೆ. ಒಬ್ಬನನ್ನು ಅವನ ವಿದ್ಯೆ ನೋಡಿ ಉಪಾಧ್ಯಾಯನನ್ನಾಗಿ ಮಾಡಿದರೆ ಸರಿ, ಅವನು ಇಂಥವನು ಎಂಬುದಕ್ಕಾಗಿಯೇ ಮಾಡಿದರೆ ತಪ್ಪು. ಅಂದರೆ ಭೇದ ಮಾಡಬಹುದು, ಆದರೆ ಭೇದಕ್ಕೆ ಕಾರಣ ಆ ಕೆಲಸಕ್ಕೆ ಸಂಬಂಧಪಟ್ಟದ್ದಾಗಿರಬೇಕು. ಭಾಲ್ಕಿಯಲ್ಲಿ ಮನೆ ಬಾಡಿಗೆ ಕಡಿಮೆ, ಖರ್ಚು ಕಡಿಮೆ, ಆದ್ದರಿಂದ ಕೂಲಿ ಬೆಂಗಳೂರಿನಷ್ಟಿಲ್ಲ ಎಂದರೆ ಅದೊಂದು ಕಾರಣ. ಒಪ್ಪೋಣ. ಹಾಗಾದರೆ ಎಣ್ಣೆ, ಗ್ಯಾಸು, ಔಷಧಿಗಳ ಬೆಲೆ ಇಲ್ಲಿ ಅರ್ಧವಾಗಿದೆಯೇ? ವಾರದಲ್ಲಿ ಒಂದು ದಿನ ಬೆನ್ನು ನೀಡುವ ಅಗತ್ಯ ಬೆಂಗಳೂರಿನಾಕೆಗೆ ಮಾತ್ರ ಇದೆಯೇ? "ಆಕೆಯೇ ಒಪ್ಪಿಕೊಂಡು ಬಂದಳಲ್ಲ" ಎಂಬ ಸಮಾಧಾನಕ್ಕೆ ಜಗದ್ಗುರು 13ನೇ ಲಿಯೋ ಅವರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲೇ ಉತ್ತರ ಕೊಟ್ಟಿದ್ದಾರೆ. ಬೇರೆ ದಾರಿಯಿಲ್ಲದೆ ಒಪ್ಪಿದ ಕೂಲಿ, ಒಪ್ಪಿದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ.

ದೊಡ್ಡ ವಿಷಯಗಳಲ್ಲೂ ಇದೇ ನಡೆಯುತ್ತದೆ. ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ಈ ಭಾಗದ ಜನರಿಗೆ ಸರಕಾರಿ ಕೆಲಸಗಳಲ್ಲೂ ವೃತ್ತಿಶಿಕ್ಷಣದ ಸೀಟುಗಳಲ್ಲೂ ಮೀಸಲಾತಿ ಸಿಕ್ಕಿದೆ. ಹೊರಗಿನಿಂದ ಬಂದ ನಮ್ಮಲ್ಲಿ ಹಲವರಿಗೆ ಅದು ಕಣ್ಣುರಿ. "ಪ್ರತಿಭೆಗೆ ಬೆಲೆಯಿಲ್ಲ" ಎನ್ನುತ್ತಾರೆ. 2024ರ ಜುಲೈನಲ್ಲಿ, ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಆಗ ಇದೇ ಜನ, "ಬೆಂಗಳೂರಿನಲ್ಲಿ ನಮ್ಮ ಮಕ್ಕಳಿಗೇ ಕೆಲಸವಿಲ್ಲ, ಹೊರರಾಜ್ಯದವರಿಗೆ ಮಣಿದರು" ಎಂದು ಗೊಣಗಿದರು. ಎರಡೂ ಮೀಸಲಾತಿಗಳನ್ನು ಒಪ್ಪಬಹುದು, ಎರಡನ್ನೂ ಬೇಡವೆನ್ನಬಹುದು, ಕಾರಣ ಕೊಟ್ಟು ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲೂಬಹುದು. ನಮ್ಮ ಮಗನಿಗೆ ಲಾಭವೋ ನಷ್ಟವೋ ಎಂಬುದೊಂದೇ ಕಾರಣವಾಗಬಾರದು.

ಬೀದರಿನ ಮಣ್ಣಿಗೆ ಈ ಕಥೆ ಹೊಸದಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಇದು ರಾಜಧಾನಿ. ಪರ್ಷಿಯಾ ಮೊದಲಾದ ಕಡೆಗಳಿಂದ ಬಂದು ಆಸ್ಥಾನದಲ್ಲಿ ಮೇಲೇರಿದವರನ್ನು ಅಫಾಕಿಗಳೆಂದು ಕರೆಯುತ್ತಿದ್ದರು. ಗರೀಬರು ಎಂಬ ಹೆಸರೂ ಅವರಿಗಿತ್ತು. ಅರಬ್ಬಿಯಲ್ಲಿ 'ಗರೀಬ್' ಎಂದರೆ ಪರಸ್ಥಳದವನು. ನಮ್ಮ ಬಾಯಲ್ಲಿ ಅದು ಬಡವ ಎಂದಾಗಿದೆ, ನಮ್ಮ 'ಪರದೇಶಿ' ಎಂಬ ಪದವೂ ದಿಕ್ಕಿಲ್ಲದವನು ಎಂದಾದ ಹಾಗೆ. ಆದರೆ ಅಂದಿನ ಆ 'ಗರೀಬ'ರು ಬಡವರೇನಲ್ಲ! 1470ರ ಸುಮಾರಿಗೆ ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ಕ್ರೈಸ್ತ ವ್ಯಾಪಾರಿ ಬೀದರಿಗೆ ಬಂದಿದ್ದ. ಆಳುವವರೆಲ್ಲ ಖುರಾಸಾನಿನವರು, ಅವರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಓಡಾಡುತ್ತಾರೆ, ನಾಡಿನ ಜನ ಮಾತ್ರ ಬಹಳ ಬಡವರು ಎಂದು ಬರೆದಿಟ್ಟ. ಅಫಾಕಿಗಳಿಗೂ ಇಲ್ಲಿಯ ದಖ್ಖನಿಗಳಿಗೂ ಹಗೆ ಬೆಳೆಯಿತು. ಆ ಹಗೆಗೆ ಕೊನೆಗೆ ಬಲಿಯಾದವನು ಮಹಮೂದ್ ಗವಾನ. ಅವನೂ ಪರ್ಷಿಯಾದಿಂದ ವ್ಯಾಪಾರಕ್ಕೆ ಬಂದವನೇ. ವಜೀರನಾದ ಮೇಲೆ ಹುದ್ದೆಗಳನ್ನು ಎರಡೂ ಪಂಗಡಗಳಿಗೆ ಸರಿಯಾಗಿ ಹಂಚಲು ನೋಡಿದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ನಿಂತಿದೆ. ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದ ಎಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. 1481ರಲ್ಲಿ, ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ.

ಹೊರಗಿನವರ ಮೇಲೆ ಊರಿನವರು ಎಸಗುವ ಅನ್ಯಾಯವೂ ಇದೆ ಎಂಬುದನ್ನು ಗವಾನನ ಸಾವು ನೆನಪಿಸುತ್ತದೆ. ದೂರದ ಕಾಲಕ್ಕೆ ಹೋಗಬೇಕಿಲ್ಲ. 1988ರ ಸೆಪ್ಟೆಂಬರಿನಲ್ಲಿ ಬೀದರಿಗೆ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ ಕೆಲವರು ಪ್ರಾಣ ಕಳೆದುಕೊಂಡರು. ಅದೇ ಊರಿನ ನಾನಕ್ ಝಿರಾ ಗುರುದ್ವಾರದಲ್ಲಿ ಯಾರೇ ಹೋದರೂ ಉಣಬಡಿಸುತ್ತಾರೆ! ಹತ್ತು ರೂಪಾಯಿ ಹೆಚ್ಚು ಕೇಳುವ ಆಟೋದವನನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಊರಿನವರ ತಕ್ಕಡಿಯ ಲೆಕ್ಕ ಊರಿನವರು ಒಪ್ಪಿಸಲಿ. ಅವರ ಕಲ್ಲನ್ನು ತೋರಿಸಿ ನಮ್ಮ ಕಲ್ಲನ್ನು ಬಚ್ಚಿಟ್ಟುಕೊಳ್ಳುವುದು ಆಗದು.

"ನಾವು ಸೇವೆ ಮಾಡಲು ಬಂದವರು" ಎಂಬ ಮಾತು ಗುರುಮನೆ, ಕಾನ್ವೆಂಟುಗಳಲ್ಲಿ ಹೆಚ್ಚು. ಶಾಲೆ ಕಟ್ಟಿದೆವು, ದವಾಖಾನೆ ನಡೆಸಿದೆವು, ನಿಜ. ಅದಕ್ಕೆಂದು ಶಾಲೆಯ ಆಯಾಗೆ ಹೊತ್ತು ಮೀರಿ ದುಡಿಸುವ ಸನ್ನದು ಸಿಕ್ಕಿತೇ? ಸೇವೆಗೆ ಬಂದವನಿಗೆ ಸಾಲ ತೀರಿಸುವ ಕರ್ತವ್ಯ ತಪ್ಪುವುದಿಲ್ಲ, ಕೂಲಿ ಸಾಲವೇ. ಇನ್ನು ಲೋಟದ ವಿಷಯ. ಬಲಿಪೂಜೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲು ಪಡೆದು ಮನೆಗೆ ಬಂದವರು, ಕೆಲಸದಾಕೆಗೆ ಚಹಾ ಕೊಡುವ ಲೋಟವನ್ನು ಕಿಟಕಿಯ ಮೇಲೆ ಬೇರೆ ಇಟ್ಟಿರುವುದು ಉಂಟು. ಬಂಗಾರದ ಉಂಗುರದವನಿಗೆ ಪೀಠ, ಹರಕು ಬಟ್ಟೆಯವನಿಗೆ ನೆಲ ಎಂಬುದನ್ನು ಸಂತ ಯಕೋಬರ ಪತ್ರ ಖಂಡಿಸಿದ್ದು ಸಭೆ ಸೇರಿದ ಕ್ರೈಸ್ತರನ್ನು ಕುರಿತೇ. ಮಕ್ಕಳು ಜ್ಞಾನೋಪದೇಶದ ಪುಸ್ತಕಕ್ಕಿಂತ ಮೊದಲು ಆ ಕಿಟಕಿಯನ್ನು ಓದುತ್ತಾರೆ.

ಎಳ್ಳಮಾವಾಸ್ಯೆ ಬಂದರೆ ಇಲ್ಲಿಯ ರೈತರು ಗುರುತಿನವರನ್ನೆಲ್ಲ ಹೊಲಕ್ಕೆ ಕರೆಯುತ್ತಾರೆ. "ಬಜ್ಜಿ ಉಣ್ಣಾಕ ಬರ್ರಿ" ಎಂದು ಮನೆ ಬಾಗಿಲಿಗೇ ಬಂದು ಹೇಳುತ್ತಾರೆ. ನಾವು ಹೋಗುತ್ತೇವೆ. ಜೋಳದ ಬೆಳೆಯ ನಡುವೆ ಕುಳಿತು ಬಜ್ಜಿ, ರೊಟ್ಟಿ, ಅಂಬಲಿ ಹೊಟ್ಟೆ ತುಂಬ ಉಂಡು, ಫೋಟೋ ತೆಗೆದುಕೊಂಡು ಬರುತ್ತೇವೆ. ಕ್ರಿಸ್‌ಮಸ್ಸಿಗೆ ಅವರಲ್ಲಿ ಎಷ್ಟು ಜನ ನಮ್ಮ ಮನೆಯ ಮೇಜಿನ ಮುಂದೆ ಕುಳಿತರು? ಕುಸ್ವಾರದ ಪೊಟ್ಟಣವೊಂದನ್ನು ಕೈಗಿತ್ತು ಬಾಗಿಲಲ್ಲೇ ಕಳುಹಿಸುತ್ತೇವೆ.

ನಿಕಿತಿನನದು ಇನ್ನೊಂದು ಸಂಗತಿಯಿದೆ. ಈ ನಾಡಿನಲ್ಲಿ ಅವನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿಟ್ಟುಕೊಂಡು, ಆಳುವವರಲ್ಲಿ ಒಬ್ಬನಂತೆ ಓಡಾಡುತ್ತಿದ್ದ. ಬೀದರಿನಲ್ಲಿ ಹಿಂದೂಗಳ ಪರಿಚಯವಾದಾಗ, ತಾನು ಖುರಾಸಾನಿಯಲ್ಲ, ಕ್ರೈಸ್ತ, ಹೆಸರು ಅಫನಾಸಿ ಎಂದು ಅವರಿಗೆ ತಿಳಿಸಿಬಿಟ್ಟ. ಅಲ್ಲಿಂದ ಮುಂದೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ತಮ್ಮ ಯಾತ್ರೆಗೂ ಕರೆದುಕೊಂಡು ಹೋದರು. ಶ್ರೀಶೈಲವಿರಬೇಕು ಎಂದು ವಿದ್ವಾಂಸರ ಅಭಿಪ್ರಾಯ.

ಎಂಟು ವರ್ಷ ಭಾಲ್ಕಿಯಲ್ಲಿದ್ದ ಕುಟುಂಬವೊಂದಕ್ಕೆ ಕೊನೆಗೂ ತಮ್ಮ ಜಿಲ್ಲೆಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವ ದಿನ, ಎಂಟು ವರ್ಷ ಅವರ ಭಾಂಡೆ ತಿಕ್ಕಿದಾಕೆ ದಾರಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದಿದ್ದಳು. ಅದೇ ಮನೆಗೆ ಬರಲಿದ್ದ ಹೊಸ ಬಾಡಿಗೆದಾರರು ಅಲ್ಲೇ ನಿಂತಿದ್ದರು. ಕೆಲಸದಾಕೆಯನ್ನು ತಾವೂ ಇಟ್ಟುಕೊಳ್ಳುವುದಾಗಿ ಹೇಳಿ, ಆಕೆಯ ಹೆಸರೇನು ಎಂದು ಕೇಳಿದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

"ಬಾಯಿ ಅಂತ ಕರೆದರೆ ಬರುತ್ತಾಳೆ" ಎಂದರು.