ದೇಹದ ಭ್ರಾಂತಿ

ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ, ಅಸತ್ಯವಾದುದರಿಂದಲೂ ಕಾರ್ಯವು ಹುಟ್ಟುವುದುಂಟೆಂಬುದನ್ನು ತೋರಲು ಶಂಕರಾಚಾರ್ಯರು ಶಂಕಾವಿಷದ ದೃಷ್ಟಾಂತವನ್ನು ಕೊಡುತ್ತಾರೆ: ಹೊಟ್ಟೆಗೆ ವಿಷವೇ ಹೋಗದಿದ್ದರೂ, ಹೋಯಿತೆಂಬ ಶಂಕೆಯೊಂದರಿಂದಲೇ ಮನುಷ್ಯನು ಪ್ರಾಣ ಬಿಡಬಹುದು. ಅಲ್ಲಿ ಶಂಕೆಗೆ ಆಶ್ರಯ ಮನಸ್ಸು. ಆಹಾರದ ಅಲರ್ಜಿಯೆಂದು ವೈದ್ಯರು ಕರೆಯುವ ವ್ಯಾಧಿಯಲ್ಲಾದರೋ ಶಂಕೆ ನೆಲಸಿರುವುದು ರಕ್ತದಲ್ಲಿ; ಮನಸ್ಸಿಗೆ ಅದರ ಸುಳಿವೂ ಇರಬೇಕಾಗಿಲ್ಲ.

ಕಡಲೆಕಾಯಿಯಲ್ಲಿ ವಿಷವಿಲ್ಲ. ಆದರೂ ಕೆಲವು ಮಕ್ಕಳ ದೇಹವು ಅದರ ಪ್ರೋಟೀನನ್ನು ಶತ್ರುವೆಂದು ಬಗೆದು, ಐಜಿಇ ಎಂಬ ಪ್ರತಿಕಾಯವನ್ನು ನಿರ್ಮಿಸಿ, ಅದನ್ನು ಮಾಸ್ಟ್ ಕೋಶಗಳ ಮೇಲೆ ಕಾವಲಿಟ್ಟಿರುತ್ತದೆ; ಮತ್ತೊಮ್ಮೆ ಅದೇ ಪ್ರೋಟೀನು ಒಳಹೊಕ್ಕಾಗ ಆ ಕೋಶಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಒಮ್ಮೆಲೆ ಸುರಿಯಲು, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ರಕ್ತದ ಒತ್ತಡ ಕುಸಿದು, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಜರ್ಮನಿಯ ಪ್ರೌಸ್ನಿಟ್ಸ್ ಎಂಬ ವೈದ್ಯನು, ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯುಸ್ಟ್‌ನರನ ರಕ್ತದ ಸೀರಮ್ಮನ್ನು ತನ್ನ ಚರ್ಮದೊಳಕ್ಕೆ ಚುಚ್ಚಿಕೊಂಡು, ಅದೇ ಜಾಗಕ್ಕೆ ಮೀನಿನ ಸಾರವನ್ನು ಹೊಗಿಸಿ, ಅಲ್ಲಿ ದದ್ದೇಳುವುದನ್ನು ಕಂಡನೆಂದು 1921ರಲ್ಲಿ ಪ್ರಕಟವಾಯಿತು. ಮೀನಿನಿಂದ ಯಾವ ಬಾಧೆಯೂ ಇಲ್ಲದವನ ಮೈಗೆ ಇನ್ನೊಬ್ಬನ ಭ್ರಾಂತಿಯು ಹೀಗೆ ರಕ್ತದ ಮೂಲಕ ಸಂಕ್ರಮಿಸಿತು. ಆದುದರಿಂದ, ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಉಣ್ಣದೆ ಬಿಡುವ ಮಗುವಿನಲ್ಲಿ ಅಶ್ರದ್ಧೆಯನ್ನು ಕಾಣುವುದೂ, ಅದರ ವ್ಯಾಧಿಯನ್ನು ಮನಸ್ಸಿನ ಅಂಜಿಕೆಯೆಂದೋ ಪೂರ್ವಕರ್ಮದ ಫಲವೆಂದೋ ತಳ್ಳಿಹಾಕುವುದೂ ಕ್ರೌರ್ಯವೆಂದೇ ನನ್ನ ಎಣಿಕೆ.

ಈ ಭ್ರಾಂತಿಗೆ ನಿವೃತ್ತಿ ಯಾವುದು? ದೀಪ ತಂದೊಡನೆ ಹಗ್ಗದ ಮೇಲಿನ ಹಾವು ಇಲ್ಲವಾಗುತ್ತದೆ. ಇಲ್ಲಿ ತಾಯಿ ಬಲ್ಲಳು, ಮಗು ಬಲ್ಲುದು, ವೈದ್ಯನು ಬಲ್ಲನು, ರಕ್ತ ಮಾತ್ರ ಅರಿಯದು. ಬಹುಕಾಲ ವೈದ್ಯರಿಗೆ ತೋರಿದ ದಾರಿ ನಿಷೇಧವೊಂದೇ. ಅಲರ್ಜಿಯ ಅಪಾಯವುಳ್ಳ ಶಿಶುಗಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಕೊಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 2000ದಲ್ಲಿ ವಿಧಿಸಿತ್ತು. 2008ರಲ್ಲಿ ಆ ವಿಧಿಯನ್ನು ಕೈಬಿಟ್ಟಿತು. ಎಳವೆಯಲ್ಲೇ ಕಡಲೆಕಾಯಿಯ ತಿನಿಸುಣ್ಣುವ ಇಸ್ರೇಲಿನ ಮಕ್ಕಳಲ್ಲಿ ಈ ವ್ಯಾಧಿ ವಿರಳವೆಂಬುದನ್ನು ಗಮನಿಸಿದ ಗಿಡಿಯನ್ ಲ್ಯಾಕ್ ಮತ್ತು ಅವರ ಸಂಗಡಿಗರು ಲಂಡನ್ನಿನಲ್ಲಿ 640 ಶಿಶುಗಳನ್ನು ಪರೀಕ್ಷೆಗೆ ತೆಗೆದುಕೊಂಡರು. 2015ರಲ್ಲಿ ಹೊರಬಂದ ಫಲ ಇದು: ಬಿಡದೆ ಉಂಡವರಲ್ಲಿ, ಐದನೆಯ ವರ್ಷದ ಹೊತ್ತಿಗೆ, ವ್ಯಾಧಿಯು ಉಣ್ಣದವರಿಗಿಂತ ಸುಮಾರು ನೂರಕ್ಕೆ 80ರಷ್ಟು ಕಡಮೆ. ಅನಂತರ ಒಂದು ವರ್ಷ ಉಣ್ಣುವುದನ್ನೇ ನಿಲ್ಲಿಸಿದರೂ ಆ ರಕ್ಷಣೆ ಅಳಿಯಲಿಲ್ಲ.

ಭ್ರಾಂತಿ ಬೇರೂರಿದ ಮೇಲಿನ ಚಿಕಿತ್ಸೆಯ ಸ್ವರೂಪವೇ ಬೇರೆ. ಕಡಲೆಕಾಯಿಯ ಪುಡಿಯನ್ನು ಅಣುಮಾತ್ರದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಿ ಉಣಿಸುವ, 2020ರಲ್ಲಿ ಅಮೆರಿಕದ ಮನ್ನಣೆ ಪಡೆದ ಔಷಧದಿಂದ ಸಹನೆಯೇನೋ ಬೆಳೆಯುತ್ತದೆ. ನಿತ್ಯದ ಉಣಿಕೆ ತಪ್ಪಿದರೆ ಬಹುಮಂದಿಯಲ್ಲಿ ಅದು ಕುಗ್ಗುತ್ತದೆ. 2024ರಲ್ಲಿ ಮನ್ನಣೆಗೆ ಬಂದ ಒಮಾಲಿಝುಮ್ಯಾಬ್ ಚುಚ್ಚುಮದ್ದು ರಕ್ತದಲ್ಲಿಯ ಐಜಿಇಯನ್ನು ಹಿಡಿದು, ಅದು ಕೋಶಗಳನ್ನು ಸೇರದಂತೆ ತಡೆಯುತ್ತದೆ. ಪರೀಕ್ಷೆಯಲ್ಲಿ ಈ ಮದ್ದು ಪಡೆದವರಲ್ಲಿ ನೂರಕ್ಕೆ 67 ಮಂದಿ, ಹುಸಿಮದ್ದು ಪಡೆದವರಲ್ಲಿ 7 ಮಂದಿ, 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನನ್ನು ತಾಳಿಕೊಂಡರು. ದೇಹದ ತಪ್ಪುತಿಳಿವು ಇದರಿಂದ ಸರಿಹೋಗಲಿಲ್ಲ. ಅದರ ಆಯುಧ ಮಾತ್ರ ಕೈಗೆಟುಕದಾಯಿತು.

ಎಳವೆಯಲ್ಲಿ ಬಿದ್ದುದು ಸಂಸ್ಕಾರವಾಗಿ ಉಳಿಯುತ್ತದೆ, ಬಳಿಕ ಕಲಿಸಿದುದನ್ನು ಅಭ್ಯಾಸದಿಂದ ಕಾಯ್ದುಕೊಳ್ಳಬೇಕಾಗುತ್ತದೆ. ಜ್ಞಾನದ ಮುಂದೆ ಅಭ್ಯಾಸವನ್ನು ಕೀಳೆಂದೆಣಿಸುವ ವೇದಾಂತಿಯು, ಮೂಲಭ್ರಾಂತಿಯನ್ನು ಉಳಿಸಿಕೊಂಡೇ ಅದರ ಫಲವನ್ನು ತಡೆಯುವ ಈ ಉಪಾಯಕ್ಕೆ ಪರಿಹಾರವೆಂಬ ಹೆಸರನ್ನು ಕೊಡಲು ಹಿಂಜರಿಯಬಹುದು. ನಾನು ಹಿಂಜರಿಯುವುದಿಲ್ಲ. ಅರಿಯದೆ ಬಾಯಿಗೆ ಬಿದ್ದ ಒಂದು ಚೂರಿನಿಂದ ಮಗು ಸಾಯದೆ ಉಳಿಯುವುದಾದರೆ, ಆ ಉಳಿವು ಚುಚ್ಚುಮದ್ದಿನ ಅವಧಿಗೆ ಮಾತ್ರ ಸಲ್ಲುವುದಾದರೂ, ಅದು ಸಂಪೂರ್ಣ ಸತ್ಯವಾದ ಉಳಿವು.