ಬಿದ್ದವನ ಮೇಲಿನ ಪೆಟ್ಟು

ಸಿಂಧನೂರು, ಲಿಂಗಸುಗೂರು ಅಥವಾ ಅಶೋಕನ ಶಾಸನವಿರುವ ಮಸ್ಕಿಯ ಶ್ರಾವಕ ಮನೆತನದ ತರುಣನೊಬ್ಬ, ಕುಸ್ತಿ, ಒದೆತ, ಗುದ್ದುಗಳೆಲ್ಲ ಬೆರೆತ ಮಿಶ್ರ ಸಮರಕಲೆಯನ್ನೇ ವೃತ್ತಿಯಾಗಿಸಿಕೊಳ್ಳುವೆನೆಂದು ಬಸದಿಯ ಟ್ರಸ್ಟಿನ ನೆರವು ಕೋರಿದನೆನ್ನೋಣ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಅಮೆರಿಕದ ಯು.ಎಫ್.ಸಿ. ಕಣದಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯೆನಿಸಿದ ಮೇಲೆ ಇದೇನೂ ಅಸಂಭವದ ಮಾತಲ್ಲ. ಧರ್ಮದರ್ಶಿಗಳು ಏನೆನ್ನಬೇಕು?

ತರುಣನ ವಾದ ಹಗುರವಾದುದಲ್ಲ. ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರ. ಎದುರಾಳಿಯೂ ಒಪ್ಪಿಯೇ ಕಣಕ್ಕಿಳಿದಿರುತ್ತಾನೆ. ಆದರೆ ನೇಗಿಲಿಗೆ ಎದುರಾದ ಹುಳು ಬದುಕಿ ಉಳಿದರೆ ರೈತನಿಗೆ ನಷ್ಟವಿಲ್ಲ. ಮುಷ್ಟಿಯಾದರೋ ತಲೆಯನ್ನೇ ಅರಸಿ ಹೋಗುತ್ತದೆ. ಇದು ಸಂಕಲ್ಪೀ ಹಿಂಸೆಗೆ ತೀರ ಸಮೀಪ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಮೈಸೂರಿನ ಯುವಕನೊಬ್ಬ ಅಸುನೀಗಿದ. ಅವನೂ ಒಪ್ಪಿಯೇ ಇಳಿದಿದ್ದ.

ಮಲ್ಲಯುದ್ಧ ನಮಗೆ ಅನ್ಯವಲ್ಲ. ಸೈನ್ಯಗಳ ಸಂಹಾರ ತಪ್ಪಲೆಂದೇ ಭರತ-ಬಾಹುಬಲಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ಒಪ್ಪಿದರು. ಎತ್ತಿ ಹಿಡಿದ ಅಣ್ಣನನ್ನು ಬಾಹುಬಲಿ ನೆಲಕ್ಕಪ್ಪಳಿಸಲಿಲ್ಲ. ನಮ್ಮ ಮಣ್ಣಿನ ಕುಸ್ತಿಯಲ್ಲೂ ಬೆನ್ನು ನೆಲಕ್ಕೆ ತಾಗಿದೊಡನೆ ಕಾದಾಟ ಮುಗಿಯಿತು. ಈ ಹೊಸ ಕಣದಲ್ಲಿ ಹಾಗಲ್ಲ. ತೀರ್ಪುಗಾರ ತಡೆಯುವವರೆಗೆ ಬಿದ್ದವನ ಮೇಲೂ ಗುದ್ದು ಬೀಳುತ್ತಲೇ ಇರುತ್ತದೆ. ನೋಡುಗರ ಕೂಗು ಹೆಚ್ಚುವುದೂ ಆಗಲೇ!

ಆದರೂ ಅದೇ ಆಟದಲ್ಲಿ ಇನ್ನೊಂದು ಬಗೆಯ ಗೆಲುವುಂಟು. ಪಟ್ಟು ಬಿಗಿದಾಗ ಎದುರಾಳಿ ಕೈತಟ್ಟಿ ಸೋಲೊಪ್ಪಬಹುದು. ಒಡನೆಯೇ ಹಿಡಿತ ಸಡಿಲಬೇಕು. ಆ ಸಂಯಮ ನನಗೆ ಮಾನ್ಯ. ಹಣ ಕೊಟ್ಟವರು ಕೃತದಲ್ಲಿ ಇಲ್ಲದಿದ್ದರೂ ಕಾರಿತ, ಅನುಮೋದನೆಗಳಲ್ಲಿ ಪಾಲುದಾರರಷ್ಟೆ. ಆದುದರಿಂದ ಗರಡಿಗೆ, ಪಟ್ಟುಗಳ ಕಲಿಕೆಗೆ ನಾನಾದರೆ ಸಹಿ ಹಾಕುವೆ. ಗುದ್ದಿನ ಕಣಕ್ಕೆ ಹಾಕಲಾರೆ. ತರುಣ ನೊಂದು ಹೊರಟರೆ, ಅವನ ಮನೆಗೇ ಹೋಗಿ ಕುಳಿತು ಮಾತಾಡಬೇಕಾದೀತು.