ಪಾತ್ರ ನೋಡಿ ಕೊಟ್ಟ ಮರಿ

ಕಾರ್ಕಳದ ಜೈನರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಟೆಕ್ಸಾಸಿಗೆ ಬಂದು ಎಷ್ಟೋ ವರ್ಷವಾದರೂ ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದನ್ನು ಬಿಟ್ಟಿಲ್ಲ. ದೀಪಕ್ಕೆ ಬಂದ ಹುಳ ಅನ್ನಕ್ಕೆ ಬಿದ್ದು ಸಾಯಬಾರದು ಎಂದು ಹಿರಿಯರು ಮಾಡಿಟ್ಟ ಕಟ್ಟಳೆ ಅದು. ಅದೇ ನಾನು ಬೆಳಿಗ್ಗೆ ಎದ್ದವಳೇ ಜೀರುಂಡೆಗಳನ್ನು ಡಬ್ಬಿಗೆ ಹಾಕಿ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ, ಕುಲುಕಿ, ಬಲೆಯ ಪಂಜರದೊಳಗೆ ಬಿಡುತ್ತೇನೆ. ಹಿಂದಿನ ರಾತ್ರಿ ಆ ಜೀರುಂಡೆಗಳಿಗೆ ಕ್ಯಾರೆಟ್ಟು, ಸೊಪ್ಪು ತಿನ್ನಿಸಿಯೂ ಇರುತ್ತೇನೆ. ಅವುಗಳ ಹೊಟ್ಟೆಯಲ್ಲಿದ್ದದ್ದೇ ಗೋಸುಂಬೆಗೆ ಪೌಷ್ಟಿಕ ಆಹಾರ. ಪ್ಯಾಂಥರ್ ಗೋಸುಂಬೆ ಸಾಕುವ ಯಾವ ಮನೆಯಲ್ಲೂ ಇದು ತಪ್ಪಿದ್ದಲ್ಲ. ತಂದವನು ಮಗ. ಅವನು ಕಾಲೇಜಿಗೆ ಹೋದ, ಪ್ರಾಣಿಗಳು ನನ್ನ ಪಾಲಿಗೆ ಉಳಿದವು.

ಕಾರ್ಕಳದಿಂದ ಅಮ್ಮ ಫೋನಿನಲ್ಲಿ ಕೇಳಿದ್ದಳು: "ಅಲ್ಲ ಮಾರಾಯ್ತಿ, ಒಂದನ್ನು ಬದುಕಿಸ್ಲಿಕ್ಕೆ ಎಷ್ಟು ಹುಳ ಕೊಲ್ತಿ? ಲೆಕ್ಕ ಉಂಟಾ?"

ಲೆಕ್ಕ ಇಡಲು ನಮ್ಮಲ್ಲಿ ಒಂದು ಏಣಿಯೇ ಇದೆ. ದಶಲಕ್ಷಣ ಪರ್ವದ ಹತ್ತು ದಿನ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರ ಓದುತ್ತಾರಲ್ಲ, ಅದರ ಎರಡನೆಯ ಅಧ್ಯಾಯದಲ್ಲಿ ಜೀವಗಳನ್ನು ಇಂದ್ರಿಯದ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಮಣ್ಣು, ನೀರು, ಗಿಡಕ್ಕೆ ಸ್ಪರ್ಶ ಒಂದೇ. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಜೀರುಂಡೆ ದುಂಬಿಯ ಸಾಲಿನದು: ಕಣ್ಣುಂಟು, ಕಿವಿಯಿಲ್ಲ. ಗೋಸುಂಬೆ ಪಂಚೇಂದ್ರಿಯ, ನಮ್ಮ ಸಾಲಿನದು. ಮೇಲಿನದನ್ನು ಉಳಿಸಲು ಕೆಳಗಿನದು ಹೋದರೆ ಪಾಪ ಸ್ವಲ್ಪ ಹಗುರ ಎಂದು ಬಹಳ ದಿನ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಜೀರುಂಡೆಯ ಮುಂಗಾಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೊಣಕಾಲಿನ ಸ್ವಲ್ಪ ಕೆಳಗೆ ಬಿಳಿಚಿಕೊಂಡ ಪುಟ್ಟ ಪೊರೆ ಕಾಣುತ್ತದೆ. ಅದೇ ಅದರ ಕಿವಿ. ಗಂಡು ರೆಕ್ಕೆ ತಿಕ್ಕಿ ಹಾಡುವುದು, ಹೆಣ್ಣು ಆ ಕಾಲಿನಿಂದ ಕೇಳಿ ಹುಡುಕಿಕೊಂಡು ಬರುವುದು. ಗೋಸುಂಬೆಯ ತಲೆಯಲ್ಲಾದರೆ ಹೊರಗೆ ಕಿವಿಯ ತೂತೇ ಇಲ್ಲ, ತಮಟೆಯೂ ಇಲ್ಲ. ತಗ್ಗು ದನಿಯ ಕೆಲವು ಕಂಪನಗಳು ತಿಳಿಯುತ್ತವೆ, ಅಷ್ಟೆ. ತಿನ್ನುವವನಿಗೆ ಕಿವಿ ಮಂದ, ತಿನ್ನಿಸಿಕೊಳ್ಳುವವನಿಗೆ ಚುರುಕು. ಸೂತ್ರ ಸುಳ್ಳು ಎಂದು ಹೇಳುವ ಉದ್ಧಟತನ ನನಗಿಲ್ಲ. ಆದರೆ ಅದನ್ನು ಹಿಡಿದು ರಿಯಾಯಿತಿ ಕೇಳುವ ಮುಖವೂ ನನಗೆ ಉಳಿಯಲಿಲ್ಲ.

(ಇನ್ನೊಂದು ಮಾತು: ದೀಪ ಆರಿದ ಮೇಲೆ ಗೋಸುಂಬೆ ಏನನ್ನೂ ಮುಟ್ಟುವುದಿಲ್ಲ. ರಾತ್ರಿಭೋಜನ ತ್ಯಾಗವನ್ನು ನಮ್ಮ ಮನೆಯಲ್ಲಿ ನನಗಿಂತ ಕಟ್ಟುನಿಟ್ಟಾಗಿ ನಡೆಸುವವನು ಅವನೇ.)

ಇಲ್ಲಿ ಮರಿ ಮಾಡಿಸುವವರು ಸಮಜಾಯಿಷಿಯಾಗಿ ಹೇಳುವ ಮಾತೊಂದಿದೆ: ನಾವು ಜೋಡಿ ಮಾಡದಿದ್ದರೆ ಈ ಜೀವಗಳು ಹುಟ್ಟುತ್ತಲೇ ಇರಲಿಲ್ಲ, ನಾವು ಅವಕ್ಕೆ ಜೀವ ಕೊಟ್ಟೆವು. ಮೊಟ್ಟೆ ಒಡೆಯುವ ದಿನ ಇದನ್ನು ನಂಬುವುದು ಬಹಳ ಸುಲಭ. ಹೆಣ್ಣು ಒದ್ದೆ ಮರಳಿನಲ್ಲಿ ಸುರಂಗ ತೋಡಿ ಇಟ್ಟ ಹತ್ತರಿಂದ ನಲವತ್ತು ಮೊಟ್ಟೆಯನ್ನು ವರ್ಮಿಕ್ಯುಲೈಟ್ ಪುಡಿಯಲ್ಲಿ ಇಟ್ಟು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಕೊನೆಗೆ ಒಂದು ಬೆಳಿಗ್ಗೆ ಮೊಟ್ಟೆ ಬೆವರುತ್ತದೆ. ಚಿಪ್ಪಿನ ಮೇಲೆಲ್ಲ ಸಾಸಿವೆಗಿಂತ ಸಣ್ಣ ಹನಿ. ಆಮೇಲೆ ಸೊರಗಿ ಒಳಕ್ಕೆ ಕುಸಿಯುತ್ತದೆ. ತುದಿಯಲ್ಲಿ ನಕ್ಷತ್ರದ ಹಾಗೆ ಸೀಳು ಬಿಡುತ್ತದೆ, ಮೂತಿಯೊಂದು ಹೊರಬಂದು ಅಲ್ಲೇ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಹೊರಬಿದ್ದ ಮರಿ ಒಂದು ಗ್ರಾಮೂ ತೂಗುವುದಿಲ್ಲ, ಆದರೆ ಕಣ್ಣು ಆಗಲೇ ಎರಡು ದಿಕ್ಕಿಗೆ ತಿರುಗುತ್ತಿರುತ್ತದೆ, ಬಾಲ ಕಡ್ಡಿಯನ್ನು ಸುತ್ತಿರುತ್ತದೆ.

ಆದರೆ ನಾನು ಕಲಿತ ಧರ್ಮದಲ್ಲಿ ಯಾರೂ ಯಾರಿಗೂ ಜೀವ ಕೊಡುವುದಿಲ್ಲ. ಜೀವ ಅನಾದಿ. ಒಂದು ದೇಹ ಬಿಟ್ಟದ್ದು ತನ್ನ ಕರ್ಮ ಎಳೆದಲ್ಲಿ ಇನ್ನೊಂದು ದೇಹ ಹಿಡಿಯುತ್ತದೆ. ನನ್ನ ಪಂಜರದ ಬಾಗಿಲಲ್ಲಿ ಯಾವ ಜೀವವೂ ಹುಟ್ಟಲು ಸರತಿಯಲ್ಲಿ ನಿಂತಿರಲಿಲ್ಲ. ನಾನು ಜೋಡಿ ಮಾಡದಿದ್ದರೆ ಅದು ಮಡಗಾಸ್ಕರದ ಯಾವುದೋ ಪೊದೆಯಲ್ಲೋ, ನಮ್ಮೂರ ಆನೆಕೆರೆಯಲ್ಲೋ ಹುಟ್ಟುತ್ತಿತ್ತು. ಹಾಗಾದರೆ ನಾನು ಕೊಟ್ಟದ್ದೇನು? ಜಾಗ. ಇಂಥ ಊರು, ಇಂಥ ದೀಪ, ಇಂಥವರ ಕೈ ಎಂಬುದಷ್ಟೆ. ಜನ್ಮದ ಪುಣ್ಯ ನನ್ನ ಹೆಸರಿಗೆ ಬರುವುದಿಲ್ಲ. ಮನೆ ಹುಡುಕುವ ಹೊಣೆ ಮಾತ್ರ ಪೂರ್ತಿ ನನ್ನದು. ಹೆಚ್ಚಾದ ಮೊಟ್ಟೆಗಳನ್ನು ಇಟ್ಟ ದಿನವೇ ಫ್ರೀಜರಿಗೆ ಹಾಕಿಬಿಡು, ನೋವಿಲ್ಲ ಎಂದು ಅನುಭವಿಗಳು ಹೇಳುತ್ತಾರೆ. ಅವರ ಮಾತಿನಲ್ಲಿ ಕ್ರೌರ್ಯವಿಲ್ಲ, ವಿವೇಕವೇ ಇದೆ. ಆದರೆ ಅಂಡಜವನ್ನೂ ಗರ್ಭಜನ್ಮವೆಂದೇ ಎಣಿಸುವವಳಿಗೆ ಆ ದಾರಿ ಇಲ್ಲ.

ದಾನದ ಬಗ್ಗೆ ಅದೇ ಸೂತ್ರಗ್ರಂಥ ಹೇಳುವುದು ಖಡಾಖಂಡಿತ: ಕೊಡುವ ವಿಧಿ, ಕೊಟ್ಟ ವಸ್ತು, ಕೊಡುವವರು, ಪಡೆಯುವ ಪಾತ್ರ, ಈ ನಾಲ್ಕರ ಮೇಲೆ ಫಲ ನಿಂತಿದೆ. ಅಲ್ಲಿ ಪಾತ್ರ ಎಂದರೆ ಮುಖ್ಯವಾಗಿ ಮುನಿಗಳು. ನನ್ನ ಮುಂದೆ ಬರುವ ಪಾತ್ರ ಹದಿನಾರರ ಹುಡುಗ, ಕೈಯಲ್ಲಿ ಫೋನು, ಅದರಲ್ಲಿ ಕೆಂಪು ನೀಲಿ ಪಟ್ಟೆಯ ಅಂಬಿಲೋಬೆ ಬಗೆಯ ಗಂಡು ಗೋಸುಂಬೆಯ ಚಿತ್ರ. ಅವನನ್ನು ನಾನು ಕೇಳುವುದು ತೀರಾ ಲೌಕಿಕ ಪ್ರಶ್ನೆಗಳು. ಗಾಜಿನ ತೊಟ್ಟಿಯೋ, ಬಲೆಯ ಪಂಜರವೋ? ಯುವಿಬಿ ದೀಪ ಯಾವುದು, ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀ? ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ನೀರೆಂದೇ ಗುರುತಿಸುವುದಿಲ್ಲ, ಎಲೆಯ ಮೇಲೆ ಹನಿ ಬೀಳಬೇಕು, ಗೊತ್ತಾ? ಉರಗ ನೋಡುವ ಡಾಕ್ಟರು ಹತ್ತಿರ ಯಾರಿದ್ದಾರೆ? ಆ ದೀಪವಿಲ್ಲದೆ, ಕ್ಯಾಲ್ಸಿಯಂ ಇಲ್ಲದೆ ಬೆಳೆದ ಮರಿಯ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತದೆ. ಅಂಥ ಮನೆಗೆ ಕೊಟ್ಟದ್ದು ಅಭಯದಾನವಲ್ಲ.

ಹಣದ ವಿಷಯ ಇನ್ನೂ ಸಿಕ್ಕು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕರು ಮಾಡಬಾರದ ಹದಿನೈದು ಕಸುಬು ಹೇಳುತ್ತಾ, ದುಡ್ಡಿಗಾಗಿ ಗಿಳಿ, ಬೆಕ್ಕು, ನಾಯಿಯಂಥವನ್ನು ಸಾಕುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ಅವರು ಶ್ವೇತಾಂಬರರು, ನಾವು ದಿಗಂಬರರು. ಆದರೂ ಮಾತು ಚುಚ್ಚುತ್ತದೆ. ಪುಕ್ಕಟೆ ಕೊಡೋಣವೆಂದರೆ, ಆರ್ಲಿಂಗ್ಟನ್ನಿನ ಉರಗ ಮೇಳದಲ್ಲಿ ಮಳಿಗೆ ಹಾಕುವ ಯಾರನ್ನೇ ಕೇಳಿ: ಬಿಟ್ಟಿ ಬಂದದ್ದನ್ನು ಜನ ಬಿಟ್ಟಿಯಾಗಿಯೇ ನೋಡುತ್ತಾರೆ ಎನ್ನುತ್ತಾರೆ. ನಾನು ಮಧ್ಯದ ದಾರಿ ಹಿಡಿದೆ. ಮೊದಲು ಪಂಜರ, ದೀಪ ಕೊಂಡ ರಸೀದಿ ತೋರಿಸು, ಮರಿಗೆ ಕಾಸು ಬೇಡ. ಅರ್ಧ ಜನ ಅಲ್ಲೇ ಕಳಚಿಕೊಳ್ಳುತ್ತಾರೆ.

ಉಳಿದ ಅರ್ಧವೂ ಗಂಡನ್ನೇ ಕೇಳುತ್ತದೆ. ಮೂರು ತಿಂಗಳ ಹೊತ್ತಿಗೆ ಬಾಲದ ಬುಡ ಉಬ್ಬಿದ್ದು ಗಂಡೆಂದು ತಿಳಿಯುತ್ತದೆ, ಅವು ಹೋಗಿಬಿಡುತ್ತವೆ. ಹೆಣ್ಣಿಗೆ ಬಣ್ಣವಿಲ್ಲ, ಪೀಚ್ ಹಣ್ಣಿನ ಮಾಸಲು ಮೈ. ಜೋಡಿಯಿಲ್ಲದೆಯೂ ಮೊಟ್ಟೆ ಇಡುತ್ತದೆ. ಅಗೆಯಲು ಮರಳಿಲ್ಲದಿದ್ದರೆ ಮೊಟ್ಟೆ ಒಳಗೇ ಕಟ್ಟಿ ಸಾಯುತ್ತದೆ. ಆಯುಸ್ಸೂ ಗಂಡಿನಷ್ಟಿಲ್ಲ. "ಗಂಡಿನ ಜೊತೆ ಹೆಣ್ಣನ್ನೂ ಹಾಗೇ ಕೊಟ್ಟುಬಿಡಿ" ಎನ್ನುವವರಿದ್ದಾರೆ. ಕೊಸರಿಗೆ ಹೋದ ಹೆಣ್ಣಿನ ಗತಿ ಏನೆಂದು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವು ನನ್ನಲ್ಲೇ ಉಳಿಯುತ್ತವೆ, ಒಂದೊಂದಕ್ಕೆ ಒಂದೊಂದು ಪಂಜರ. ಹೊರಗೆ ಬಿಡುವ ಹಾಗಿಲ್ಲ: ಇಲ್ಲಿನ ಚಳಿಗಾಲ ಅವನ್ನು ಉಳಿಸುವುದಿಲ್ಲ, ಚಳಿಯಿಲ್ಲದ ಫ್ಲಾರಿಡಾದಲ್ಲಿ ಬಿಟ್ಟ ಪರದೇಶಿ ಗೋಸುಂಬೆಗಳು ಅಲ್ಲಿನ ಹುಳಹುಪ್ಪಟೆ ಮೇಯುತ್ತಿವೆ. ಸಂತತಿ ಉಳಿಸುತ್ತಿದ್ದೇವೆ ಎಂಬ ಮಾತೂ ಈ ಜಾತಿಗೆ ಸಲ್ಲದು. ಮಡಗಾಸ್ಕರದ ಉತ್ತರ ಮತ್ತು ಪೂರ್ವ ಕರಾವಳಿಯಲ್ಲಿ ಅದು ರಸ್ತೆಬದಿಯ ಬೇಲಿಯಲ್ಲೂ ಆರಾಮಾಗಿದೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವಳು ಕೇಳಿ ಮುಗಿಸಿ, "ಸರಿ, ಮರಿಗೆ ನೀನು ಪಾತ್ರ ನೋಡ್ತಿ. ಆ ಜೀರುಂಡೆಗೆ ಪಾತ್ರ ನೋಡುವವರು ಯಾರು?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಬರಿಯ ಏರ್ಪಾಡಿದೆ. ಇನ್ನು ಜೋಡಿ ಮಾಡುವುದಿಲ್ಲ. ಇರುವವುಗಳ ಹೊಟ್ಟೆ ಮಾತ್ರ ನನ್ನ ಲೆಕ್ಕಕ್ಕೆ, ಅದನ್ನು ತಗ್ಗಿಸಿ ಬರೆಯುವುದೂ ಇಲ್ಲ. ಆದರೆ ಹೆಣ್ಣು ಒಂದು ಸಲ ಕೂಡಿದ ವೀರ್ಯವನ್ನು ಒಳಗೇ ಇಟ್ಟುಕೊಂಡು ಮುಂದಿನ ಸರದಿಗೂ ಫಲಿತ ಮೊಟ್ಟೆ ಇಡಬಲ್ಲಳು. ಹಿರಿಯವಳು ನಿನ್ನೆಯಿಂದ ಪಂಜರದ ಮೂಲೆ ಕೆರೆಯುತ್ತಿದ್ದಾಳೆ. ಆಸ್ಟಿನ್ನಿನಿಂದ ಒಬ್ಬಾಕೆ ಹೆಣ್ಣು ಮರಿಯನ್ನೇ ಕೇಳಿ ಬರೆದಿದ್ದಾರೆ. ಮರಳಿನ ತೊಟ್ಟಿಯ ಆಳ ಎಷ್ಟು ಎಂದು ವಾಪಸು ಕೇಳಿದ್ದೇನೆ.